ಅಮೀಬಾ ಕಾಲು ಚಾಚುವುದು ಹೇಗೆ?

‘ಅಮೀಬಾ ಮಿಥ್ಯಾಪಾದಗಳ ಸಹಾಯದಿಂದ ಚಲಿಸುತ್ತದೆ.’ ಈ ವಾಕ್ಯವನ್ನು ನೀವು ಪರೀಕ್ಷೆಯಲ್ಲಿ ಬರೆದಿದ್ದೀರಿ, ಅಂಕವನ್ನೂ ಪಡೆದಿದ್ದೀರಿ. ಪಕ್ಕದಲ್ಲಿ ಒಂದು ಅಂಕುಡೊಂಕು ಚಿತ್ರ, ಅದರ ನಡುವೆ ಒಂದು ಚುಕ್ಕೆ, ಚುಕ್ಕೆಗೆ ‘ಕೋಶಕೇಂದ್ರ’ ಎಂಬ ಹೆಸರು. ಅಲ್ಲಿಗೆ ಅಮೀಬಾದ ಪಾಠ ಮುಗಿಯುತ್ತದೆ.

ಆ ವಾಕ್ಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ‘ಸಹಾಯದಿಂದ’ ಎಂದರೇನು? ಎತ್ತು ಕಾಲುಗಳ ಸಹಾಯದಿಂದ ನಡೆಯುತ್ತದೆ ಎನ್ನುವಾಗ ಆ ಕಾಲುಗಳು ನಡಿಗೆಗೆ ಮೊದಲೇ ಇರುತ್ತವೆ. ಎತ್ತು ಮಲಗಿದಾಗಲೂ ಇರುತ್ತವೆ. ಅಮೀಬಾದ ಕಾಲು ಹಾಗಲ್ಲ. ಅದು ಮುಂದಕ್ಕೆ ಹೋಗುವಾಗ ಮಾತ್ರ ಮೂಡುತ್ತದೆ, ಕೆಲಸ ಮುಗಿದೊಡನೆ ಮೈಯೊಳಗೇ ಕರಗಿಹೋಗುತ್ತದೆ. ಒಳಗೆ ಮೂಳೆಯಿಲ್ಲ, ಸ್ನಾಯುವಿಲ್ಲ, ನರವಿಲ್ಲ. ಇರುವುದೆಲ್ಲ ತೆಳ್ಳನೆಯ ಪೊರೆ, ಅದರೊಳಗೆ ಲೋಳೆಯಂಥ ಕೋಶರಸ. ಹಾಗಿದ್ದರೆ ಆ ಪೊರೆಯನ್ನು ಮುಂದಕ್ಕೆ ತಳ್ಳುವುದು ಯಾವುದು?

ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಹುಡುಕಲು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಉತ್ತರ ಸಿಕ್ಕಾಗ, ಅದು ಕೆರೆಯ ಕೆಸರಿನಲ್ಲಿರುವ ಜೀವಿಗೆ ಎಷ್ಟು ಸಂಬಂಧಿಸಿದೆಯೋ ನಿಮ್ಮ ಮೊಣಕಾಲಿನ ತರಚುಗಾಯಕ್ಕೂ ಅಷ್ಟೇ ಸಂಬಂಧಿಸಿದೆ ಎಂದು ತಿಳಿದುಬಂತು.

ಅಮೀಬಾವನ್ನು ಮೊದಲು ಕಂಡು ವರ್ಣಿಸಿದವರು ಜರ್ಮನಿಯ ನ್ಯೂರೆಂಬರ್ಗಿನ ರೋಸೆಲ್ ಫಾನ್ ರೋಸೆನ್‌ಹೋಫ್. ಅವರು ವೃತ್ತಿಯಿಂದ ಕಿರುಚಿತ್ರಗಳನ್ನು ಬಿಡಿಸುವ ಕಲಾವಿದರು, ಆಸಕ್ತಿಯಿಂದ ಕೀಟಗಳ ಅಧ್ಯಯನ ಮಾಡುತ್ತಿದ್ದವರು. 1755ರಲ್ಲಿ ಸೂಕ್ಷ್ಮದರ್ಶಕದಡಿ ಈ ಜೀವಿಯನ್ನು ಕಂಡು ಅದರ ಚಿತ್ರ ಬರೆದರು. ಕಲಾವಿದನಿಗೆ ಇದಕ್ಕಿಂತ ತೊಂದರೆ ಕೊಡುವ ಮಾದರಿ ಇನ್ನೊಂದಿರಲಾರದು: ಗೆರೆ ಎಳೆಯುವಷ್ಟರಲ್ಲಿ ಆಕಾರ ಬೇರೆ! ರೋಸೆಲ್ ಒಂದೇ ಜೀವಿಯ ಹಲವು ಆಕಾರಗಳನ್ನು ಬಿಡಿಸಿ, ಅದಕ್ಕೆ ‘ಚಿಕ್ಕ ಪ್ರೋಟಿಯಸ್’ ಎಂದು ಹೆಸರಿಟ್ಟರು. ಪ್ರೋಟಿಯಸ್ ಎಂದರೆ ಗ್ರೀಕರ ಪುರಾಣದಲ್ಲಿ ಬೇಕಾದಂತೆ ರೂಪ ಬದಲಿಸುವ ಸಮುದ್ರದೇವತೆ. ಅಮೀಬಾ ಎಂಬ ಹೆಸರು ಬಂದದ್ದು ಆಮೇಲೆ, ‘ಬದಲಾವಣೆ’ ಎಂಬ ಅರ್ಥದ ಗ್ರೀಕ್ ಪದದಿಂದ. ಇಂದಿಗೂ ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಸಾಕುವ ಜಾತಿಯ ಹೆಸರು ‘ಅಮೀಬಾ ಪ್ರೋಟಿಯಸ್’.

ಈಗ ಆ ಜೀವಿಯನ್ನೇ ನೋಡೋಣ. ಅಮೀಬಾ ಪ್ರೋಟಿಯಸ್ ಸುಮಾರು ಅರ್ಧ ಮಿಲಿಮೀಟರ್ ಉದ್ದವಿರುತ್ತದೆ. ಒಂದೇ ಕೋಶದ ಜೀವಿಗೆ ಇದು ದೊಡ್ಡ ಗಾತ್ರವೇ. ಕಪ್ಪು ಹಿನ್ನೆಲೆಯಲ್ಲಿ ಬರಿಗಣ್ಣಿಗೂ ಬಿಳಿಯ ಚುಕ್ಕೆಯಾಗಿ ಕಾಣಬಹುದು. ಸೂಕ್ಷ್ಮದರ್ಶಕದಲ್ಲಿ ಗಮನಿಸಿದರೆ ಎರಡು ಪದರಗಳು ಕಾಣುತ್ತವೆ. ಹೊರಗಿನದು ತಿಳಿಯಾಗಿ, ತುಸು ಗಟ್ಟಿಯಾಗಿ ಇರುತ್ತದೆ. ಒಳಗಿನದು ತೆಳು, ಕಣಗಳಿಂದ ತುಂಬಿರುತ್ತದೆ. ಕಾಲು ಮೂಡುವ ಕಡೆ ಮೊದಲು ಒಂದು ತಿಳಿಯಾದ ಉಬ್ಬು ಕಾಣಿಸಿಕೊಳ್ಳುತ್ತದೆ. ಮರುಕ್ಷಣ ಒಳಗಿನ ಕಣಗಳು ಕಾಲುವೆಯ ನೀರಿನಂತೆ ಅದರೊಳಕ್ಕೆ ನುಗ್ಗುತ್ತವೆ. ತುದಿಯನ್ನು ತಲಪಿದವು ಪಕ್ಕಕ್ಕೆ ಸರಿದು, ಗಟ್ಟಿಯಾದ ಹೊರಪದರದ ಭಾಗವಾಗಿ ನಿಂತುಬಿಡುತ್ತವೆ. ಇದೇ ಹೊತ್ತಿಗೆ ಹಿಂಭಾಗದಲ್ಲಿ ಗಟ್ಟಿ ಪದರ ಸಡಿಲಗೊಂಡು ತೆಳುವಾಗಿ ಪ್ರವಾಹಕ್ಕೆ ಸೇರುತ್ತದೆ. ಗಟ್ಟಿ ಮೊಸರನ್ನು ಕಡೆದರೆ ಮಜ್ಜಿಗೆಯಾಗುತ್ತದಲ್ಲ, ಹಾಗೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಹಿಂದೆ ಮಜ್ಜಿಗೆಯಾದದ್ದು ಮುಂದೆ ಹೋಗಿ ಮತ್ತೆ ಮೊಸರಾಗುತ್ತದೆ.

ಪರದೆಯ ಮೇಲೆ ಇದನ್ನು ನೋಡುವವರಿಗೆ ಒಂದು ಎಚ್ಚರಿಕೆ. ದೂರದರ್ಶನದಲ್ಲಿ ಅಮೀಬಾ ಲಗುಬಗೆಯಿಂದ ಓಡಾಡುತ್ತದೆ, ಏಕೆಂದರೆ ನಾವು ಚಿತ್ರದ ವೇಗವನ್ನು ಹೆಚ್ಚಿಸಿರುತ್ತೇವೆ. ನಿಜವಾದ ಅಮೀಬಾ ಸೆಕೆಂಡಿಗೆ ಕೆಲವೇ ಮೈಕ್ರಾನ್ ಸಾಗುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಈ ಪುಟದ ಒಂದು ಸಾಲನ್ನು ದಾಟಲು ಅದಕ್ಕೆ ಹಲವು ಗಂಟೆಗಳೇ ಬೇಕು. ಆ ನಿಧಾನವನ್ನು ಹಾಗೆಯೇ ತೋರಿಸಿದರೆ ಯಾರೂ ನೋಡುವುದಿಲ್ಲ ಎಂಬುದು ನಮ್ಮ ಕಷ್ಟ. ಆದರೆ ನಿಧಾನವಾಗಿ ನೋಡಿದವರಿಗೇ ಇದರ ಗುಟ್ಟು ಬಿಟ್ಟುಕೊಟ್ಟದ್ದು.

ಇನ್ನು ಮೂಲ ಪ್ರಶ್ನೆ. ಕೋಶರಸ ಮುಂದಕ್ಕೆ ಹರಿಯುತ್ತದೆ ಎನ್ನುವುದನ್ನು ಕಣ್ಣಾರೆ ಕಂಡದ್ದಾಯಿತು. ಹರಿಸುವ ಬಲ ಎಲ್ಲಿಂದ ಬರುತ್ತದೆ? ಹಿಂದಿನಿಂದ ತಳ್ಳುತ್ತದೆಯೋ ಮುಂದಿನಿಂದ ಎಳೆಯುತ್ತದೆಯೋ? ಈ ವಿಷಯದಲ್ಲಿ ವಿಜ್ಞಾನಿಗಳಲ್ಲಿ ದೀರ್ಘಕಾಲ ವಾದವಿವಾದ ನಡೆಯಿತು.

ಅಮೆರಿಕದ ಎಸ್. ಓ. ಮಾಸ್ಟ್ 1926ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂಭಾಗದ ಗಟ್ಟಿಪದರ ಕುಗ್ಗಿ ಒಳಗಿನ ತೆಳುರಸವನ್ನು ಮುಂದಕ್ಕೆ ಒತ್ತುತ್ತದೆ ಎಂದರು. ನಿಮ್ಮ ಮನೆಯ ಶಾವಿಗೆ ಒರಳನ್ನು ನೆನೆಸಿಕೊಳ್ಳಿ. ಮೇಲಿನಿಂದ ಒತ್ತಿದರೆ ಹಿಟ್ಟು ಕೆಳಗಿನ ರಂಧ್ರಗಳಲ್ಲಿ ಎಳೆಯಾಗಿ ಇಳಿಯುತ್ತದೆ. ಎಳೆಗೆ ತನ್ನದೇ ಆದ ಬಲವೇನೂ ಬೇಕಿಲ್ಲ. ಈ ವಿವರಣೆ ಸರಳ, ನೋಡಿದ್ದಕ್ಕೆ ಹೊಂದುವಂಥದ್ದು. ಪಠ್ಯಪುಸ್ತಕಗಳು ಇದನ್ನೇ ಹಿಡಿದವು.

1960ರ ಸುಮಾರಿಗೆ ರಾಬರ್ಟ್ ಡೇ ಆಲನ್ ಮತ್ತು ಅವರ ಸಂಗಡಿಗರು ಒಂದು ವಿಚಿತ್ರ ಪ್ರಯೋಗ ಮಾಡಿದರು. ದೈತ್ಯ ಅಮೀಬಾವೊಂದನ್ನು ಕೂದಲಿನಷ್ಟು ಸಪೂರವಾದ ಗಾಜಿನಂಥ ನಳಿಗೆಯೊಳಕ್ಕೆ ಎಳೆದುಕೊಂಡು ಅದರ ಪೊರೆಯನ್ನು ಒಡೆದರು. ಒರಳೇ ಒಡೆದ ಮೇಲೆ ಒತ್ತಡ ಎಲ್ಲಿಯದು? ಶಾವಿಗೆ ನಿಲ್ಲಲೇಬೇಕು. ಆದರೆ ಕೋಶರಸದ ಹರಿವು ನಿಲ್ಲಲಿಲ್ಲ! ಪೊರೆಯಿಲ್ಲದ ರಸ ತನ್ನಷ್ಟಕ್ಕೆ ತಾನು ಹಲವು ಧಾರೆಗಳಲ್ಲಿ ಹರಿಯುತ್ತಲೇ ಇತ್ತು. ಆದ್ದರಿಂದ ಬಲ ಹುಟ್ಟುವುದು ಇಡೀ ಚೀಲದ ಹಿಂಡುವಿಕೆಯಿಂದ ಮಾತ್ರವಲ್ಲ, ರಸದೊಳಗೇ ಕುಗ್ಗುವ ಯಾವುದೋ ವಸ್ತು ಇದೆ, ಅದು ಮುಂಭಾಗದಿಂದಲೇ ಎಳೆಯುತ್ತದೆ ಎಂದು ಆಲನ್ 1961ರಲ್ಲಿ ವಾದಿಸಿದರು.

ನನಗೆ ಈ ಪ್ರಯೋಗ ತುಂಬ ಮೆಚ್ಚಿಗೆ. ಅದು ಮಾಸ್ಟ್ ಅವರನ್ನು ಸಂಪೂರ್ಣ ಸೋಲಿಸಿತು ಎಂಬ ಕಾರಣಕ್ಕಲ್ಲ. ಹಿಂದಿನ ಒತ್ತಡಕ್ಕೆ ದೊಡ್ಡ ಅಮೀಬಾಗಳಲ್ಲಿ ನಿಜವಾದ ಪಾತ್ರವಿದೆ ಎಂದು ಇಂದೂ ಒಪ್ಪುತ್ತಾರೆ. ಆದರೆ ‘ಆ ವಸ್ತು ಯಾವುದು?’ ಎಂಬ ಸರಿಯಾದ ಪ್ರಶ್ನೆಯ ಎದುರಿಗೆ ಅದು ಎಲ್ಲರನ್ನೂ ತಂದು ನಿಲ್ಲಿಸಿತು.

ಆ ವಸ್ತುವಿಗೆ ಆಗಲೇ ಹೆಸರಿತ್ತು. ಆದರೆ ಅದು ಬೇರೆ ವಿಳಾಸದಲ್ಲಿ ವಾಸವಾಗಿತ್ತು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ 1942ರಲ್ಲಿ ಹಂಗೆರಿಯ ಸೆಗೆಡ್ ನಗರದಲ್ಲಿ, ಆಲ್ಬರ್ಟ್ ಸೆಂಟ್-ಜ್ಯಾರ್ಜಿಯವರ ಪ್ರಯೋಗಾಲಯದಲ್ಲಿ, ಸ್ಟ್ರಾಬ್ ಎಂಬ ತರುಣ ವಿಜ್ಞಾನಿ ಸ್ನಾಯುವಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದ್ದರು. ಅದೇ ಆಕ್ಟಿನ್. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನಿನ ಜೊತೆ ಸೇರಿ ಅದು ಸ್ನಾಯುವನ್ನು ಕುಗ್ಗಿಸುತ್ತದೆ. ಆಕ್ಟಿನ್ ಸ್ನಾಯುವಿನ ಸ್ವತ್ತು ಎಂದೇ ಎಲ್ಲರೂ ತಿಳಿದಿದ್ದರು. 1966ರಲ್ಲಿ ಜಪಾನಿನ ಹಟಾನೊ ಮತ್ತು ಓಸಾವಾ ಸ್ನಾಯುವಿನ ಸುಳಿವೇ ಇಲ್ಲದ ಲೋಳೆ ಬೂಷ್ಟಿನಿಂದ ಆಕ್ಟಿನ್ ತೆಗೆದು ತೋರಿಸಿದರು. ಅನಂತರ ಅಮೀಬಾಗಳಲ್ಲಿ, ಬಿಳಿ ರಕ್ತಕಣಗಳಲ್ಲಿ, ಹುಡುಕಿದ ಕಡೆಯೆಲ್ಲ ಆಕ್ಟಿನ್ ಸಿಕ್ಕಿತು. ಎಷ್ಟೋ ಬಗೆಯ ಕೋಶಗಳಲ್ಲಿ ಒಟ್ಟು ಪ್ರೋಟೀನಿನ ನೂರರಲ್ಲಿ ಐದರಿಂದ ಹತ್ತು ಭಾಗ ಇದೊಂದೇ.

ಆಕ್ಟಿನ್ ಅಣುಗಳು ಬಿಡಿಬಿಡಿಯಾಗಿದ್ದರೆ ರಸ ತೆಳುವಾಗಿರುತ್ತದೆ. ಅವು ಒಂದಕ್ಕೊಂದು ಸೇರಿಕೊಂಡರೆ ಎಳೆಗಳಾಗುತ್ತವೆ. ಎಳೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಏಳು ಭಾಗ. ಎಳೆಗಳು ಹೆಣೆದುಕೊಂಡರೆ ರಸ ಗಟ್ಟಿಯಾಗುತ್ತದೆ. ಮಜ್ಜಿಗೆ ಮೊಸರಾಗುವ ರಹಸ್ಯ ಇಷ್ಟೇ.

ಇಲ್ಲಿಗೆ ನಾವು ಅತ್ಯಂತ ಸ್ವಾರಸ್ಯದ ಘಟ್ಟಕ್ಕೆ ಬಂದಿದ್ದೇವೆ. ಬೆಳೆಯುವ ಎಳೆ ಪೊರೆಯನ್ನು ತಳ್ಳುವುದು ಹೇಗೆ? ಕೋಶಪೊರೆ ಎಂದೂ ಸುಮ್ಮನಿರುವುದಿಲ್ಲ. ಶಾಖದಿಂದಾಗಿ ಸುತ್ತಲಿನ ಅಣುಗಳೆಲ್ಲ ಕುಣಿಯುತ್ತಿರುವುದರಿಂದ ಅದು ಸದಾ ಹಿಂದಕ್ಕೂ ಮುಂದಕ್ಕೂ ನಡುಗುತ್ತಿರುತ್ತದೆ. ಅದು ಒಂದಿಷ್ಟು ಮುಂದೆ ಸರಿದ ಕ್ಷಣದಲ್ಲಿ ಪೊರೆಗೂ ಎಳೆಯ ತುದಿಗೂ ನಡುವೆ ಸಂದು ಉಂಟಾಗುತ್ತದೆ. ಆ ಸಂದಿನೊಳಕ್ಕೆ ಒಂದು ಆಕ್ಟಿನ್ ಅಣು ಬಂದು ತುದಿಗೆ ಕೂತುಬಿಟ್ಟರೆ ಮುಗಿಯಿತು, ಪೊರೆ ಹಿಂದಕ್ಕೆ ಬರುವಂತಿಲ್ಲ. ಏರಿನಲ್ಲಿ ನಿಂತ ಎತ್ತಿನ ಗಾಡಿಯನ್ನು ನಾಲ್ಕು ಜನ ಮುಂದಕ್ಕೆ ತಳ್ಳುವಾಗ ಒಬ್ಬ ಕಲ್ಲು ಹಿಡಿದು ಚಕ್ರದ ಹಿಂದೆ ಇರುತ್ತಾನೆ, ನೋಡಿದ್ದೀರಾ? ಗಾಡಿ ಗೇಣು ಮುಂದೆ ಹೋದರೆ ಅವನು ಕಲ್ಲನ್ನು ಗೇಣು ಮುಂದೆ ಸರಿಸಿ ಒತ್ತುಕೊಡುತ್ತಾನೆ. ಆಕ್ಟಿನ್ ಮಾಡುವುದು ಈ ಕಲ್ಲಿನ ಕೆಲಸ. ಸಾವಿರಾರು ಎಳೆಗಳ ತುದಿಯಲ್ಲಿ, ಸೆಕೆಂಡಿಗೆ ಎಷ್ಟೋ ಬಾರಿ. 1993ರಲ್ಲಿ ಪೆಸ್ಕಿನ್, ಓಡೆಲ್ ಮತ್ತು ಆಸ್ಟರ್ ಇದನ್ನು ಗಣಿತದಲ್ಲಿ ಹಿಡಿದಿಟ್ಟರು.

ಒಂಟಿ ಎಳೆ ಉದ್ದವಾದರೆ ಬಾಗಿಹೋಗುತ್ತದೆ, ಅದರಿಂದ ತಳ್ಳಲಾಗದು. ಅದಕ್ಕೆ ಕೋಶ ಒಂದು ಉಪಾಯ ಮಾಡಿಕೊಂಡಿದೆ. ಹಳೆಯ ಎಳೆಯ ಪಕ್ಕದಲ್ಲಿ ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಹೊರಡಿಸುವ ಒಂದು ಪ್ರೋಟೀನ್ ಕೂಟವಿದೆ. ಅದರ ಹೆಸರು ಆರ್ಪ್ 2/3. ಮಣ್ಣಿನ ಒಂದು ಅಮೀಬಾದಿಂದಲೇ ಅದನ್ನು 1994ರಲ್ಲಿ ಬೇರ್ಪಡಿಸಿದರು. ಹೀಗೆ ಮುಂಚೂಣಿಯಲ್ಲಿ ಗಿಡ್ಡನೆಯ ಗಟ್ಟಿ ಕವಲುಗಳ ಪೊದೆ ಬೆಳೆಯುತ್ತದೆ. ಹಿಂದೆ ಹಳೆಯ ಎಳೆಗಳನ್ನು ಕತ್ತರಿಸಿ ಬಿಡಿ ಅಣುಗಳನ್ನಾಗಿ ಮಾಡುವ ಬೇರೆ ಪ್ರೋಟೀನುಗಳಿವೆ. ಆ ಅಣುಗಳು ಮತ್ತೆ ಮುಂದಕ್ಕೆ ಹೋಗಿ ಕೆಲಸಕ್ಕೆ ಬರುತ್ತವೆ. ಬಾಲದ ಕಡೆ ಮಯೋಸಿನ್ ಎಳೆಗಳನ್ನು ಜಗ್ಗಿ ಹಿಂಭಾಗವನ್ನು ಎಳೆದುಕೊಳ್ಳುತ್ತದೆ. ನೆಲಕ್ಕೆ ಅಂಟಿ ಹಿಡಿತ ಕೊಡುವ ಅಣುಗಳು ಇನ್ನೂ ಬೇರೆ. ಹಿಡಿತವಿಲ್ಲದಿದ್ದರೆ ಜಾರುವ ಕೆಸರಿನಲ್ಲಿ ತಿರುಗುವ ಚಕ್ರದಂತೆ ಕಾಲು ಚಾಚಿದ್ದು ವ್ಯರ್ಥ.

ಈ ಇಟ್ಟಿಗೆಯೇ ಬೇಕೆಂದಿಲ್ಲ ಎನ್ನುವುದಕ್ಕೂ ಒಂದು ಉದಾಹರಣೆ ಇದೆ. ಮಕ್ಕಳ ಹೊಟ್ಟೆಯಲ್ಲಿ ಸೇರುವ ಜಂತುಹುಳುವಿನ ವೀರ್ಯಾಣುವಿಗೆ ಬಾಲವಿಲ್ಲ. ಅದು ಅಮೀಬಾದಂತೆಯೇ ತೆವಳುತ್ತದೆ. ಆದರೆ ಅದು ಬಳಸುವುದು ಆಕ್ಟಿನ್ನನ್ನಲ್ಲ, ಬೇರೆಯೇ ಒಂದು ಪ್ರೋಟೀನನ್ನು. ಮುಂದೆ ಕಟ್ಟು, ಹಿಂದೆ ಬಿಚ್ಚು ಎಂಬ ವಿಧಾನ ಮಾತ್ರ ಅದೇ.

ಎಲ್ಲ ಮಿಥ್ಯಾಪಾದಗಳೂ ಒಂದೇ ಆಕಾರದವಲ್ಲ. ಅಮೀಬಾ ಪ್ರೋಟಿಯಸ್‌ನದು ಬೆರಳಿನಂಥ ಮೊಂಡು ಕಾಲು. ಕೆಲವಕ್ಕೆ ದಾರದಂಥವು. ಸಮುದ್ರದಲ್ಲಿ ಸುಣ್ಣದ ಚಿಪ್ಪು ಕಟ್ಟಿಕೊಂಡು ಬಾಳುವ ಫೊರಾಮಿನಿಫೆರಗಳು ಚಿಪ್ಪಿನ ರಂಧ್ರಗಳಿಂದ ಬಲೆಯಂಥ ಕಾಲುಗಳನ್ನು ಹರಡುತ್ತವೆ. ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಸುಣ್ಣಕಲ್ಲಿನಲ್ಲಿ ನಾಣ್ಯದಂತೆ ಕಾಣುವ ಪಳೆಯುಳಿಕೆಗಳು ಈ ಬಳಗದವೇ.

ಯಾವ ಕಡೆ ಕಾಲು ಚಾಚಬೇಕೆಂದು ನಿರ್ಧರಿಸುವುದು ಹೇಗೆ? ಕಣ್ಣಿಲ್ಲದ ಕೋಶ ವಾಸನೆಯನ್ನು ಹಿಡಿದು ಹೋಗುತ್ತದೆ ಎನ್ನಬಹುದು. ಡಿಕ್ಟಿಯೋಸ್ಟೀಲಿಯಮ್ ಎಂಬ ಮಣ್ಣಿನ ಅಮೀಬಾಗಳು ಬ್ಯಾಕ್ಟೀರಿಯಗಳನ್ನು ತಿನ್ನುತ್ತ ಒಂಟಿಯಾಗಿ ಬದುಕುತ್ತವೆ. ಆಹಾರ ಮುಗಿದಾಗ ಸಾವಿರಾರು ಅಮೀಬಾಗಳು ಒಂದೆಡೆ ಸೇರಿ, ಗುಂಪಾಗಿ ತೆವಳಿ, ಕೊನೆಗೆ ಒಂದು ಕಾಂಡವನ್ನೂ ಅದರ ತುದಿಗೆ ಬೀಜಕಗಳ ಗುಂಡನ್ನೂ ಕಟ್ಟುತ್ತವೆ. ಕಾಂಡವಾದವು ಸಾಯುತ್ತವೆ, ಬೀಜಕವಾದವು ಉಳಿಯುತ್ತವೆ. ಅವನ್ನು ಕರೆದು ಸೇರಿಸುವ ರಾಸಾಯನಿಕ ಯಾವುದೆಂದು 1967ರಲ್ಲಿ ಗೊತ್ತಾಯಿತು: ಸೈಕ್ಲಿಕ್ ಎಎಂಪಿ. ಅದು ಹೆಚ್ಚಾಗಿರುವ ಕಡೆಗೆ ಕೋಶದ ಮುಂಭಾಗ ತಿರುಗುತ್ತದೆ, ಅಲ್ಲೇ ಆಕ್ಟಿನ್ ಪೊದೆ ಬೆಳೆಯುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಈ ಅಮೀಬಾಗಳನ್ನು ದೀರ್ಘಕಾಲ ಅಧ್ಯಯನ ಮಾಡಿದವರು. ದಕ್ಷಿಣ ಭಾರತದ ಕಾಡಿನ ಮಣ್ಣಿನಲ್ಲಿ ಇವು ಹೇರಳವಾಗಿವೆ, ದೊಡ್ಡ ಪ್ರಾಣಿಗಳ ಲದ್ದಿಯ ಮೂಲಕ ದೂರದೂರಕ್ಕೆ ಹರಡುತ್ತವೆ ಎಂದು ಅವರ ತಂಡ 2010ರಲ್ಲಿ ಪ್ರಕಟಿಸಿತು.

ಈಗ ನಿಮ್ಮ ಮೊಣಕಾಲಿನ ವಿಷಯಕ್ಕೆ ಬರೋಣ. 1882ರ ಕೊನೆಯಲ್ಲಿ ರಷ್ಯದ ಪ್ರಾಣಿವಿಜ್ಞಾನಿ ಮೆಚ್ನಿಕಾಫ್ ಇಟಲಿಯ ಮೆಸ್ಸಿನಾದಲ್ಲಿದ್ದರು. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ ಅವರೊಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕೂತು ನಕ್ಷತ್ರಮೀನಿನ ಪಾರದರ್ಶಕ ಮರಿಗಳನ್ನು ನೋಡುತ್ತಿದ್ದರು. ಮರಿಯ ಮೈಯೊಳಗೆ ಅಮೀಬಾದಂತೆ ಅಲೆದಾಡುವ ಕೋಶಗಳಿದ್ದವು. ಇವು ಹೊರಗಿನಿಂದ ನುಗ್ಗಿದ ಶತ್ರುವನ್ನು ಎದುರಿಸುವ ಕೋಶಗಳಾಗಿರಬಹುದೇ ಎಂದು ಅವರಿಗೆ ಹೊಳೆಯಿತು. ತೋಟದಿಂದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ಚರ್ಮದಡಿ ಚುಚ್ಚಿದರು. ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಆ ಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಪಾಲ್ ಎರ್ಲಿಕ್ ಜೊತೆಗೆ ಅವರಿಗೆ ನೊಬೆಲ್ ಬಹುಮಾನ ಬಂತು.

ನಿಮ್ಮ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ 4000ದಿಂದ 11000 ಬಿಳಿ ಕಣಗಳಿವೆ. ಗಾಯವಾದಾಗ ಅವು ರಕ್ತನಾಳದ ಗೋಡೆಗೆ ಅಂಟಿಕೊಂಡು, ಗೋಡೆಯ ಕೋಶಗಳ ನಡುವಿನ ಸಂದಿನಲ್ಲಿ ಕಾಲು ತೂರಿಸಿ, ಮೈಯನ್ನು ಹಿಚುಕಿಕೊಂಡು ಹೊರಬರುತ್ತವೆ. ನಿಮಿಷಕ್ಕೆ ಹತ್ತು ಇಪ್ಪತ್ತು ಮೈಕ್ರಾನ್ ವೇಗದಲ್ಲಿ ಬ್ಯಾಕ್ಟೀರಿಯಗಳ ಜಾಡು ಹಿಡಿದು ಹೋಗಿ ನುಂಗುತ್ತವೆ. 1950ರ ದಶಕದಲ್ಲಿ ಅಮೆರಿಕದ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದ ಡೇವಿಡ್ ರಾಜರ್ಸ್ 16 ಮಿಲಿಮೀಟರ್ ಫಿಲ್ಮಿನಲ್ಲಿ ಇದನ್ನು ಸೆರೆಹಿಡಿದರು. ಕೆಂಪು ಕಣಗಳ ನಡುವೆ ನುಸುಳಿ, ತಿರುತಿರುಗಿ ಓಡುವ ಬ್ಯಾಕ್ಟೀರಿಯವನ್ನು ಒಂದು ಬಿಳಿ ಕಣ ಬೆನ್ನಟ್ಟಿ ಹಿಡಿಯುವ ದೃಶ್ಯ ಅದು. ಮಾತಿನ ಅಗತ್ಯವೇ ಇಲ್ಲದ ವಿಜ್ಞಾನಚಿತ್ರಗಳನ್ನು ಹೆಸರಿಸೆಂದರೆ ನಾನು ಮೊದಲು ಇದನ್ನೇ ಹೆಸರಿಸುತ್ತೇನೆ.

ಈ ಕಾಲು ಸರಿಯಾಗಿ ಮೂಡದಿದ್ದರೆ? 1937ರಲ್ಲಿ ಜರ್ಮನಿಯ ವೈದ್ಯ ಆಲ್ಫ್ರೆಡ್ ವಿಸ್ಕಾಟ್ ಮೂವರು ಅಣ್ಣತಮ್ಮಂದಿರ ಬಗ್ಗೆ ಬರೆದರು. ಮೂವರಿಗೂ ಮೇಲಿಂದ ಮೇಲೆ ರಕ್ತಸ್ರಾವ, ಇಸಬು, ಕಿವಿಯ ಸೋಂಕು. ಮೂವರೂ ತೀರಿಕೊಂಡರು. ಅಕ್ಕತಂಗಿಯರು ಆರೋಗ್ಯವಾಗಿದ್ದರು. 1954ರಲ್ಲಿ ಅಮೆರಿಕದ ಆಲ್ಡ್ರಿಚ್ ಇದು ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವ ರೋಗವೆಂದು ತೋರಿಸಿದರು. 1994ರಲ್ಲಿ ಕಾರಣವಾದ ಜೀನ್ ಸಿಕ್ಕಿತು. ಅದು ತಯಾರಿಸುವ ಪ್ರೋಟೀನಿನ ಕೆಲಸ ಏನು ಗೊತ್ತೇ? ಮೇಲೆ ಹೇಳಿದ ಆರ್ಪ್ 2/3 ಕೂಟಕ್ಕೆ ‘ಇಲ್ಲಿ ಕವಲು ಹೊರಡಿಸು’ ಎಂದು ಸೂಚನೆ ಕೊಡುವುದು. ಸೂಚನೆ ತಪ್ಪಿದರೆ ರಕ್ತದ ಕೋಶಗಳ ಆಕ್ಟಿನ್ ಕಟ್ಟುವ ಕೆಲಸ ಕೆಡುತ್ತದೆ. ಬಿಳಿ ಕಣಗಳು ಬೇಕಾದ ಕಡೆಗೆ ಸರಿಯಾಗಿ ಹೋಗಲಾರವು. ಸ್ನಾಯುವಿನ ಪ್ರೋಟೀನು, ಮಣ್ಣಿನ ಅಮೀಬಾ, ಮೂವರು ಮಕ್ಕಳ ಸಾವು ಇವೆಲ್ಲ ಒಂದೇ ಕಡೆ ಬಂದು ಸೇರಿದವು. ಈ ರೋಗಕ್ಕೆ ಅಸ್ಥಿಮಜ್ಜೆಯ ಕಸಿಯನ್ನು 1968ರಲ್ಲೇ ಮೊದಲು ಮಾಡಲಾಯಿತು, ಈಗಲೂ ಮಾಡುತ್ತಾರೆ.

ಕಾಲು ಬೇಡವಾದ ಕಡೆ ಮೂಡಿದರೂ ಕಷ್ಟವೇ. ಕ್ಯಾನ್ಸರಿನಿಂದ ಸಾಯುವವರಲ್ಲಿ ಹೆಚ್ಚಿನವರು ಮೊದಲ ಗಡ್ಡೆಯಿಂದ ಸಾಯುವುದಿಲ್ಲ, ಅದು ಬೇರೆ ಅಂಗಗಳಿಗೆ ಹರಡುವುದರಿಂದ ಸಾಯುತ್ತಾರೆ. ಹರಡುವ ಕೋಶಗಳು ತೆವಳಲು ಬಳಸುವುದು ಇದೇ ಯಂತ್ರವನ್ನು.

ನಮ್ಮ ಕರುಳಿಗೆ ಬರುವ ಅಮೀಬಾ ನಿಮಗೆ ಗೊತ್ತೇ ಇದೆ. ಎಂಟಮೀಬಾ ಹಿಸ್ಟೊಲಿಟಿಕಾ ಆಮಶಂಕೆಗೆ ಕಾರಣ. ಮಲಿನ ನೀರಿನಲ್ಲಿ ಅದು ಗಟ್ಟಿ ಕವಚದೊಳಗೆ ಅಲುಗಾಡದೆ ಇರುತ್ತದೆ. ಕರುಳಿಗೆ ಇಳಿದ ಮೇಲೆ ಕವಚದಿಂದ ಹೊರಬಂದು ಕಾಲು ಚಾಚುತ್ತದೆ, ಕರುಳಿನ ಒಳಪದರವನ್ನು ಕೊರೆಯುತ್ತದೆ. ಜೀವಂತ ಕೋಶಗಳನ್ನು ಅದು ತುಣುಕು ತುಣುಕಾಗಿ ಕಚ್ಚಿ ತಿಂದು ಕೊಲ್ಲುತ್ತದೆ ಎಂದು 2014ರಲ್ಲಿ ತಿಳಿದುಬಂತು. ನಲ್ಲಿಯ ನೀರಿಗೆ ಸಾಮಾನ್ಯವಾಗಿ ಬೆರೆಸುವ ಪ್ರಮಾಣದ ಕ್ಲೋರಿನ್‌ಗೆ ಆ ಕವಚ ಜಗ್ಗುವುದಿಲ್ಲ, ಕುದಿಸಿದರೆ ಸಾಯುತ್ತದೆ. ನೀರು ಕುದಿಸಿ ಕುಡಿಯಿರಿ ಎಂದು ಮನೆಯಲ್ಲಿ ಅಜ್ಜಿ ಹೇಳುವುದು ಇದಕ್ಕೇ. ಬೆಚ್ಚನೆಯ ಸಿಹಿನೀರಿನಲ್ಲಿರುವ ನೆಗ್ಲೇರಿಯಾ ಇನ್ನೊಂದು ಬಗೆ. ಅದನ್ನು ಕುಡಿದರೆ ರೋಗ ಬರುವುದಿಲ್ಲ, ಆದರೆ ಮೂಗಿನ ಮೂಲಕ ನುಗ್ಗಿದರೆ ಮಿದುಳಿಗೆ ತೆವಳಿ ಹೋಗುತ್ತದೆ. ತೀರ ಅಪರೂಪವಾದರೂ ಬಹುತೇಕ ಮಾರಕ. 2024ರಲ್ಲಿ ಕೇರಳದಲ್ಲಿ ಮಕ್ಕಳು ಇದಕ್ಕೆ ಬಲಿಯಾದರು. ಬೇಸಗೆಯಲ್ಲಿ ನಿಂತ ನೀರಿನ ಹೊಂಡಕ್ಕೆ ಧುಮುಕುವ ಮುನ್ನ ಇದು ನೆನಪಿರಲಿ.

ಅಮೀಬಾವನ್ನು ನೀವೇ ನೋಡಬಹುದು. ಕಾಲೇಜಿನಲ್ಲಿ ಸೂಕ್ಷ್ಮದರ್ಶಕವಿದ್ದರೆ ಸಾಕು. ಕೆರೆಯ ಅಂಚಿನಿಂದ ಕೊಳೆತ ಎಲೆಗಳನ್ನೂ ತಳದ ಕೆಸರನ್ನೂ ನೀರಿನ ಸಮೇತ ಅಗಲ ಬಾಯಿಯ ಸೀಸೆಯಲ್ಲಿ ತನ್ನಿ. ಬಿಸಿಲಿಲ್ಲದ ಕಡೆ ಕೆಲವು ದಿನ ಇಡಿ, ಅಲುಗಿಸಬೇಡಿ. ತಳದಿಂದ ಒಂದು ಹನಿಯನ್ನು ಗಾಜುಪಟ್ಟಿಗೆ ಹಾಕಿ, ಕಡಿಮೆ ವರ್ಧನೆಯಲ್ಲಿ, ಬೆಳಕನ್ನು ತಗ್ಗಿಸಿ ನೋಡಿ. ಸರಸರ ಓಡುವ ಪ್ಯಾರಮೀಸಿಯಮ್ ಮೊದಲು ಕಣ್ಣಿಗೆ ಬೀಳುತ್ತದೆ, ಅದನ್ನು ಬಿಡಿ. ಬೂದು ಬಣ್ಣದ, ಕಣಕಣವಾದ, ಸತ್ತಂತೆ ಬಿದ್ದಿರುವ ಒಂದು ಚೂರನ್ನು ಹುಡುಕಿ ಐದು ನಿಮಿಷ ಅದನ್ನೇ ನೋಡುತ್ತಿರಿ. ಗಾಜಿನ ಅಲುಗಾಟಕ್ಕೆ ಮುದುಡಿಕೊಂಡಿದ್ದ ಅಮೀಬಾ ಆಗಿದ್ದರೆ, ಅಂಚಿನಲ್ಲಿ ಎಲ್ಲೋ ಒಂದು ತಿಳಿಯಾದ ಉಬ್ಬು ಏಳುತ್ತದೆ. ಕಣಗಳು ಒಳಕ್ಕೆ ನುಗ್ಗುವುದನ್ನು ಕಂಡ ಮೇಲೆ ಹಿಂಭಾಗದ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಅಲ್ಲಿ ಸುಕ್ಕುಗಟ್ಟಿದ ಬಾಲದಂಥ ಭಾಗ ಕಾಣುತ್ತದೆ. ಯಾವುದು ಮೊದಲು ಕದಲಿತು, ಮುಂಭಾಗವೋ ಹಿಂಭಾಗವೋ ಎಂದು ಬರೆದಿಟ್ಟುಕೊಳ್ಳಿ. ಮಾಸ್ಟ್ ಮತ್ತು ಆಲನ್ ಇಬ್ಬರೂ ಅಲ್ಲಿಂದಲೇ ಶುರುಮಾಡಿದ್ದು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ.